ಅಂಬ್ರಪ್ಪನ ಎದೆಯ ಮೂರು ಬರೆ

ದೋರನಹಳ್ಳಿಯಲ್ಲಿ ಯಾರ ಮನೆಯ ಕೂಸಿಗಾದರೂ ಉಸಿರು ಜೋರಾಯಿತೆಂದರೆ, ಹೊಟ್ಟೆ ಉಬ್ಬಿತೆಂದರೆ, ಹಾಲು ಕುಡಿಯದೆ ಹಟ ಮಾಡಿತೆಂದರೆ, ಜನ ಶಹಾಪುರದ ಬಸ್ಸು ಹತ್ತುವ ಮೊದಲು ಅಯ್ಯಮ್ಮನ ಮನೆಯ ಕಟ್ಟೆ ಹತ್ತುತ್ತಿದ್ದರು. ಅಯ್ಯಮ್ಮ ಬರೆ ಹಾಕುತ್ತಿದ್ದಳು. ಹಳೆಯ ತಂಬಾಕಿನ ಡಬ್ಬಿಯೊಂದರಲ್ಲಿ ಹಸಿರು ಗಾಜಿನ ಬಳೆಯ ಚೂರನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಅದನ್ನು ಇಕ್ಕಳದಲ್ಲಿ ಹಿಡಿದು, ದೀಪದ ಕುಡಿಯಲ್ಲಿ ಕಾಯಿಸಿ, ಕೂಸಿನ ಎದೆಗೋ ಹೊಟ್ಟೆಗೋ ಚುರ್ ಎನಿಸಿ, ಮೇಲೆ ಅರಿಶಿಣ ಹಚ್ಚಿ ಕಳಿಸುತ್ತಿದ್ದಳು. ಕೂಸು ಕಿರುಚಿದರೆ, "ಅಳ್ಳಿ ಬಿಡು, ರೋಗ ಹೊರಗ ಹೋಗಾಕತ್ತದ" ಎನ್ನುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ದುಡ್ಡಿನ ಬದಲು ಅವಳಿಗೆ ಜಂಬವಿತ್ತು, ಅದು ಮನೆ ತುಂಬಿ ಅಂಗಳಕ್ಕೂ ಚೆಲ್ಲುವಷ್ಟಿತ್ತು.

ಹೊಸದಾಗಿ ತಾಯಿಯಾದ ಹುಡುಗಿಯರು ಕಾದ ಚೂರನ್ನು ಕಂಡು ಹೆದರಿ ಕೂಸನ್ನು ಅವಚಿಕೊಂಡರೆ ಅಯ್ಯಮ್ಮ ವಾದಕ್ಕೆ ಇಳಿಯುತ್ತಿರಲಿಲ್ಲ. ಓಣಿಯ ಕೊನೆಯಲ್ಲಿದ್ದ ಹಿಟ್ಟಿನ ಗಿರಣಿಯ ಕಡೆ ಮುಖ ಮಾಡಿ ಒಂದು ಕೂಗು ಹಾಕುತ್ತಿದ್ದಳು.

"ಏ ಅಂಬ್ರಾ! ಬಾರೋ ಇಲ್ಲಿ!"

ಗಿರಣಿಯಲ್ಲಿ ಕೆಲಸಕ್ಕಿದ್ದ ಅವಳ ಒಬ್ಬನೇ ಮಗ ಅಂಬ್ರಪ್ಪ, ತಲೆಯಿಂದ ಪಾದದವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು, ದಾರಿಯಲ್ಲಿ ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತ ಬರುತ್ತಿದ್ದ.

"ಅಂಗಿ ಬಿಚ್ಚು."

ಮೀಸೆ ಹೊತ್ತ ಗಂಡಸು ಪರ ಹೆಂಗಸರ ಮುಂದೆ ತಲೆ ತಗ್ಗಿಸಿ ಗುಂಡಿ ಬಿಚ್ಚುತ್ತಿದ್ದ. ಎಡ ಎದೆಯ ಮೇಲೆ ಮೂರು ಬರೆಗಳಿದ್ದವು. ಕೂಸಿದ್ದಾಗ ಹಾಕಿದವು, ಅವನ ಜೊತೆ ತಾವೂ ಬೆಳೆದು ಉದ್ದವಾಗಿ, ಮಿರುಗುತ್ತಿದ್ದವು.

"ನೋಡವ್ವಾ, ಮೂರು ತಿಂಗಳ ಕೂಸಿದ್ದಾಗ ಹಾಕೀನಿ. ಇವತ್ತೋ ನಾಳಿಗೋ ಅನ್ನೋ ಕೂಸಿತ್ತು ಇದು. ಈಗ ನೋಡು, ಎತ್ತಿನಂಗ ನಿಂತದ."

ಎತ್ತು ಏದುಸಿರು ಬಿಡುತ್ತ ನಿಂತಿರುತ್ತಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಬರೆಗಳ ಮೇಲೆ. ಹುಡುಗಿ ಕಣ್ಣು ಮುಚ್ಚಿಕೊಂಡು ಕೂಸನ್ನು ಮುಂದೆ ಚಾಚುತ್ತಿದ್ದಳು. ಅಂಬ್ರಪ್ಪ ಗುಂಡಿ ಹಾಕಿಕೊಳ್ಳುತ್ತ, "ಸಂತ್ಯಾಗ ಎಮ್ಮಿ ಹಲ್ಲು ತೋರಿಸಿದಂಗ ತೋರಸ್ತಿ ನೋಡವ್ವಾ ನನ್ನ" ಎಂದು ಗೊಣಗುತ್ತಿದ್ದ. "ನಿನ್ನ ಎದಿ ನೋಡಿ ಎಷ್ಟು ಕೂಸು ಬದುಕ್ಯಾವ ಗೊತ್ತೇನು? ಪುಣ್ಯ ಬರ್ತದ ತಗೊ" ಎಂದು ಅಯ್ಯಮ್ಮ ಅವನನ್ನು ಗಿರಣಿಗೆ ಅಟ್ಟುತ್ತಿದ್ದಳು.

ಅಂಬ್ರಪ್ಪ ಹುಟ್ಟಿದ್ದು ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ. ಆ ಕಾಲುವೆ ಅಗೆಯುವಾಗ ಅಯ್ಯಮ್ಮ ಬಸುರಿ ಹೊಟ್ಟೆಯಲ್ಲೇ ಗಂಡನ ಜೊತೆ ಮಣ್ಣಿನ ಬುಟ್ಟಿ ಹೊತ್ತಿದ್ದಳು. ನೀರು ಬಂತೆಂದು ಊರಿಗೆ ಊರೇ ದಂಡೆಗೆ ಓಡಿದ ದಿನ ಅವಳು ಮಾತ್ರ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮನೆಯಲ್ಲೇ ಕೂತಿದ್ದಳು. ಕೂಸು ಎರಡು ಗುಟುಕು ಕುಡಿದು ಮೊಲೆ ಬಿಡುತ್ತಿತ್ತು. ಹಣೆಯ ತುಂಬ ಬೆವರು. ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಎದೆಯ ಮೇಲೆ ಅಂಗೈ ಇಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಒಳಗೆ ಏನೋ ಅದುರುತ್ತಿತ್ತು. ಅತ್ತೆ ಹೇಳಿಕೊಟ್ಟ ಹಾಗೆ ಅಯ್ಯಮ್ಮ ತನ್ನ ಕೈಬಳೆಯನ್ನು ತಾನೇ ಒಡೆದು, ಚೂರು ಕಾಯಿಸಿ, ಅದುರುವ ಜಾಗದ ಮೇಲೆ ಮೂರು ಬರೆ ಎಳೆದಳು. ಕೆಲವು ತಿಂಗಳಲ್ಲಿ ಉಸಿರಿನ ಜೋರು ತಗ್ಗಿತು, ಕೂಸು ಮೈ ಹಿಡಿಯಿತು. ಮುಂದೆ ಗಂಡ ತೀರಿಕೊಂಡಾಗ ಅವಳ ಬಳೆಗಳೆಲ್ಲ ಹೋದವು, ಡಬ್ಬಿಯಲ್ಲಿದ್ದ ಈ ಚೂರು ಮಾತ್ರ ಉಳಿಯಿತು.

ಹುಡುಗ ಓಡಲಿಲ್ಲ. ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಿನಲ್ಲಿ ಕೂತು ನೆಲ ನೋಡುತ್ತಿದ್ದ. ಕಾಲುವೆಯ ನೀರಿಗೆ ಸುತ್ತಲೂ ಭತ್ತ ಬಂತು, ಭತ್ತದ ಹಿಂದೆ ಕೈತುಂಬ ಕೆಲಸ ಬಂತು, ಅದು ಅವನ ಕೈಲಾಗಲಿಲ್ಲ. ಶಾವುಕಾರ ಜಗದೇವಪ್ಪ ತನ್ನ ಗಿರಣಿಯಲ್ಲಿ ಕೂತು ಮಾಡುವ ಕೆಲಸ ಕೊಟ್ಟ. ಅಲ್ಲಿಂದ ಎಲ್ಲದಕ್ಕೂ ಒಂದು ಕಾರಣ ಸಿಕ್ಕಿತು. ದಮ್ಮು ಹತ್ತಿದರೆ ಹಿಟ್ಟಿನ ಧೂಳು. ಕೆಮ್ಮಿದರೆ ಹಿಟ್ಟಿನ ಧೂಳು. ತುಟಿ ನೇರಳೆ ಹಣ್ಣು ತಿಂದವನ ತುಟಿಯ ಹಾಗಿತ್ತು, ಆದರೆ ಹಿಟ್ಟು ಅದನ್ನೂ ಮುಚ್ಚುತ್ತಿತ್ತು. ಬೆರಳ ತುದಿಗಳು ದುಂಡಗೆ ಉಬ್ಬಿದ್ದವು. ಗಿರಣಿಗೆ ಬರುವ ಹೆಂಗಸರು, "ಯಪ್ಪಾ, ಏನು ಬಳ್ಳೋ ಇವು, ಉಂಡಿ ಮಾಡಿ ಹಚ್ಚಿದಂಗವ" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಯಾರಿಗೂ ಸಿಟ್ಟು ಮಾಡಿದವನಲ್ಲ. ಸಿಟ್ಟಿಗೆ ಬೇಕಾದಷ್ಟು ಉಸಿರು ಅವನಲ್ಲಿರಲಿಲ್ಲ ಎಂದು ಈಗ ಅನಿಸುತ್ತದೆ.

ಸುರಪುರದ ಕಡೆಯ ಕಕ್ಕೇರಾದಿಂದ ತಾಯಿಯಿಲ್ಲದ ಹುಡುಗಿ ಲಾಲಮ್ಮ ಸೊಸೆಯಾಗಿ ಬಂದಳು. ಕಷ್ಟ ತಿಂದು ಬೆಳೆದವಳು, ಮಾತು ಕಡಿಮೆ, ಕೈ ಚುರುಕು. ನಾಟಿಗೆ ಹೋಗಿ ದುಡಿದು ಬಂದು, ಗಂಡನ ಮೈಮೇಲಿನ ಹಿಟ್ಟು ಒದರಿ, ಅವನಿಗೆ ಕೂತಲ್ಲೇ ಊಟ ಕೊಡುತ್ತಿದ್ದಳು. ಮದುವೆಯಾಗಿ ಕೆಲವು ವರ್ಷಕ್ಕೆ ಬಸುರಿಯಾದಳು. ಹೆರಿಗೆ ಕಷ್ಟವಾಗಿ ಯಾದಗಿರಿಯ ದೊಡ್ಡ ದವಾಖಾನೆಗೆ ಒಯ್ದರು. ಪಕ್ಕದ ಮನೆಯ ಖಾಜಾಬೀಯ ಮಗ ಲಾಡ್ಲೇಸಾಬ ತನ್ನ ಆಟೋದಲ್ಲಿ ಕರೆದೊಯ್ದ. ಹೆಣ್ಣು ಕೂಸು ಹುಟ್ಟಿತು. ಆದರೆ ಲಾಲಮ್ಮನಿಗೆ ರಕ್ತ ಬಹಳ ಹೋಗಿದೆ, ರಕ್ತ ಕೊಡುವವರು ಬೇಕು ಎಂದರು.

"ಯಾಕ್ರಿ, ಗಂಡ ಇಲ್ಲೇನು? ನನ್ನ ಮಗಂದು ಗಟ್ಟಿ ರಕ್ತ, ಎಷ್ಟು ಬೇಕು ತಗೋರಿ" ಎಂದು ಅಯ್ಯಮ್ಮ ಮಗನನ್ನು ಮುಂದೆ ನೂಕಿದಳು.

ರಕ್ತ ತೆಗೆಯುವವನು ಅಂಬ್ರಪ್ಪನ ಬೆರಳು ಚುಚ್ಚಿ ಪರೀಕ್ಷೆ ಮಾಡಿದ. ಮುಖ ಸಪ್ಪಗೆ ಮಾಡಿಕೊಂಡು ಮತ್ತೊಂದು ಬೆರಳು ಚುಚ್ಚಿದ. ಆಮೇಲೆ ಉಗುರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆ ದಿನ ಅಂಬ್ರಪ್ಪ ಜಳಕ ಮಾಡಿ ಬಂದಿದ್ದ, ಮೈಮೇಲೆ ಹಿಟ್ಟಿರಲಿಲ್ಲ.

"ನಿಮ್ಮ ರಕ್ತ ತಗೊಳ್ಳಾಕ ಬರಂಗಿಲ್ರಿ."

"ಯಾಕ? ಕಮ್ಮಿ ಅದೇನು?" ಎಂದಳು ಅಯ್ಯಮ್ಮ.

"ಕಮ್ಮಿ ಅಲ್ಲಬೇ, ಜಾಸ್ತಿ ಅದ. ಇಷ್ಟು ಗಟ್ಟಿ ಇರಬಾರದು."

ಗಟ್ಟಿ ರಕ್ತ ಇರಬಾರದು ಎಂಬ ಮಾತು ಅಯ್ಯಮ್ಮ ಕೇಳಿದ್ದು ಅದೇ ಮೊದಲು. ರಕ್ತವನ್ನು ಲಾಡ್ಲೇಸಾಬ ಕೊಟ್ಟ, ಲಾಲಮ್ಮ ಉಳಿದಳು. ಅಷ್ಟರಲ್ಲಿ ಒಬ್ಬ ಡಾಕ್ಟರಮ್ಮ ಬಂದು ಅಂಬ್ರಪ್ಪನಿಗೆ ಅಂಗಿ ಬಿಚ್ಚಲು ಹೇಳಿದಳು. ಅವನು ರೂಢಿಯಂತೆ ತಲೆ ತಗ್ಗಿಸಿ ಬಿಚ್ಚಿದ. ಡಾಕ್ಟರಮ್ಮ ಬರೆಗಳನ್ನು ನೋಡಿದಳು, ಅವುಗಳ ಮೇಲೆಯೇ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು.

"ಇದು ಯಾರು ಹಾಕಿದ್ದು?"

"ನಾನೇ ರಿ" ಎಂದಳು ಅಯ್ಯಮ್ಮ, ಹೆಮ್ಮೆಯಿಂದಲೇ. "ಮೂರು ತಿಂಗಳಿದ್ದಾಗ. ಉಸುರು ಜೋರಿತ್ತು, ಮೊಲಿ ಕುಡಿಯಾಗ ಹಣಿ ಬೆವರ್ತಿತ್ತು. ಹಾಕಿದೆ, ತಗ್ಗಿತು."

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದಳು. ಗುಲ್ಬರ್ಗಾಕ್ಕೆ ಹೋಗಿ ಎದೆಯ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ ಎಂದಷ್ಟೇ ಹೇಳಿ ಕಳಿಸಿದಳು.

ಗುಲ್ಬರ್ಗಾಕ್ಕೆ ತಾಯಿ ಮಗ ಇಬ್ಬರೇ ಹೋದರು. ಅಲ್ಲಿನ ಡಾಕ್ಟರು ವಯಸ್ಸಾದವರು, ಆ ಕಡೆಯವರೇ, ನಿಧಾನಸ್ಥರು. ಅಂಬ್ರಪ್ಪನ ಎದೆಗೆ ತಣ್ಣನೆಯ ಅಂಟು ಹಚ್ಚಿ ಯಂತ್ರ ಆಡಿಸಿ ಪರದೆಯ ಮೇಲೆ ನೋಡಿದರು. ಆಮೇಲೆ ಅವನನ್ನೂ ತಾಯಿಯನ್ನೂ ಎದುರಿಗೆ ಕೂರಿಸಿಕೊಂಡರು.

"ಹುಟ್ಟಿದಾಗಿಂದ ಎದಿಯೊಳಗ ತೂತು ಅದ ತಮ್ಮಾ. ಎರಡು ಕೋಣಿ ನಡುವಿನ ಗ್ವಾಡ್ಯಾಗ. ಆ ತೂತಿನ್ಯಾಗಿಂದ ಜಾಸ್ತಿ ರಕ್ತ ಪುಪ್ಪುಸಕ್ಕ ನುಗ್ಗಿ ನುಗ್ಗಿ ಅಲ್ಲಿನ ನರ ಬಿರುಸಾಗ್ಯಾವ. ಈಗ ಕೆಟ್ಟ ರಕ್ತ ತಿರುಗಿ ಒಳ್ಳೆ ರಕ್ತದಾಗ ಕೂಡಾಕತ್ತದ. ಅದಕ್ಕ ತುಟಿ ನೀಲಿ, ಅದಕ್ಕ ದಮ್ಮು."

"ಮುಚ್ಚಾಕ ಬರಂಗಿಲ್ಲೇನ್ರಿ?" ಎಂದ ಅಂಬ್ರಪ್ಪ.

"ಸಣ್ಣವಿದ್ದಾಗ ಬರ್ತಿತ್ತು. ಈಗ ಮುಚ್ಚಿದ್ರ ಎದಿ ತಡಕೊಳ್ಳಂಗಿಲ್ಲ. ಗುಳಿಗಿ ಕೊಡ್ತೀನಿ. ಭಾರ ಎತ್ತಬ್ಯಾಡ, ಧೂಳಿನಾಗ ಕೂಡಬ್ಯಾಡ. ಇದ್ದಷ್ಟು ದಿನ ನೆಮ್ಮದಿಯಿಂದ ಇರು."

ಇದ್ದಷ್ಟು ದಿನ ಎಂಬ ಮಾತನ್ನು ಅಯ್ಯಮ್ಮ ಕೇಳಿಸಿಕೊಳ್ಳಲೇ ಇಲ್ಲ. ಅವಳ ತಲೆ ಬೇರೆ ಕಡೆ ಸಿಕ್ಕಿಕೊಂಡಿತ್ತು. "ಬರಿ ಹಾಕಿದ ಮ್ಯಾಲ ಆರಾಮಾಗಿತ್ತಲ್ರಿ? ಉಸುರು ತಗ್ಗಿತ್ತು. ನನ್ನ ಕಣ್ಣಾರೆ ನೋಡೀನಿ."

ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅದು ಆರಾಮಾಗಿದ್ದಲ್ಲಮ್ಮಾ. ಪುಪ್ಪುಸದ ನರ ಬಿರುಸಾದಂಗ ಅತ್ತ ನುಗ್ಗೋ ರಕ್ತ ಕಮ್ಮಿ ಆಗ್ತದ, ಉಸುರು ತಗ್ಗಿದಂಗ ಕಾಣಸ್ತದ. ನೀವು ಆರಾಮಾತು ಅಂದಾಗ್ಲೇ ಒಳಗ ಕೆಡಾಕತ್ತಿತ್ತು."

ಆ ಮಾತಿನಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ಅಯ್ಯಮ್ಮ ತಿರುಗಿ ಬೈಯುತ್ತಿದ್ದಳು, ಅದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಅಂಬ್ರಪ್ಪ ಎದ್ದು ಎದೆಯ ಅಂಟು ಒರೆಸಿಕೊಳ್ಳಲು ಪರದೆಯ ಹಿಂದೆ ಹೋದಾಗ ಡಾಕ್ಟರು ದನಿ ತಗ್ಗಿಸಿ ಹೇಳಿದರು: "ಮೊಮ್ಮಗಳು ಹುಟ್ಟ್ಯಾಳ ಅಂದ್ರಲ್ಲ. ಆ ಕೂಸನ್ನೂ ಒಮ್ಮೆ ತಂದು ತೋರಸ್ರಿ. ಅಪ್ಪಗ ಇದ್ದದ್ದು ಮಕ್ಕಳಿಗೂ ಇರಬಹುದು. ಈಗ ಗೊತ್ತಾದ್ರ ಮುಚ್ಚಬಹುದು."

ಅಯ್ಯಮ್ಮ ಹ್ಞೂಂ ಅಂದಳು. ಬಸ್ಸಿನಲ್ಲಿ ಕೂತಳು. ಊರು ಬರುವವರೆಗೆ ಆ ಮಾತನ್ನು ಮಗನಿಗೆ ಹೇಳಲಿಲ್ಲ, ಮನೆಗೆ ಬಂದು ಸೊಸೆಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಕೂಸು ಚೆನ್ನಾಗಿತ್ತು, ಮೊಲೆ ಕುಡಿಯುತ್ತಿತ್ತು, ಎಲ್ಲ ಕೂಸುಗಳ ಹಾಗೆ ಅಳುತ್ತಿತ್ತು. ಇಲ್ಲದ ರೋಗವನ್ನು ಯಾಕೆ ಹುಡುಕಿಕೊಂಡು ಹೋಗುವುದು ಎಂದು ತನಗೆ ತಾನೇ ಹೇಳಿಕೊಂಡಳು. ಬಸ್ಸಿನಲ್ಲಿ ಅಂಬ್ರಪ್ಪ ಮಾತ್ರ ಅವಳ ಮುಖ ನೋಡಿ, "ಆವಾಗ ಎಲ್ಲಿತ್ತವ್ವಾ ಇಂಥ ದವಾಖಾನಿ? ಊರಿಗೆ ಬಸ್ಸ ಇರಲಿಲ್ಲ. ನೀ ಇದ್ದದ್ದು ಮಾಡಿದಿ" ಅಂದಿದ್ದ. ಆ ಮಾತಿಗೆ ಅವಳು ಕಿಟಕಿಯ ಕಡೆ ತಿರುಗಿ, ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಕೂಸಿಗೆ ಎರಡು ತಿಂಗಳಾಗುವಷ್ಟರಲ್ಲಿ ಅದು ಎರಡು ಗುಟುಕು ಕುಡಿದು ಮೊಲೆ ಬಿಡತೊಡಗಿತು.

ಮೊದಲು ಕಂಡದ್ದು ಅಯ್ಯಮ್ಮನಿಗೇ. ಕಾಲು ಚಾಚಿ ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು ಎರೆಯುವಾಗ ಎದೆಯ ಮೇಲೆ ಎಣ್ಣೆಗೈ ಇಟ್ಟಳು. ಒಳಗೆ ಬೆಕ್ಕು ಗುರುಗುಟ್ಟಿತು. ಕೈ ತೆಗೆದು ಮತ್ತೆ ಇಟ್ಟಳು. ಮೂವತ್ತು ವರ್ಷದ ಹಿಂದಿನ ಅದೇ ಅದುರು, ಅದೇ ಜಾಗ. ತಂಬಿಗೆಯ ನೀರು ಕಲ್ಲಿನ ಮೇಲೆ ಚೆಲ್ಲಿಹೋಯಿತು.

ಎರಡು ದಿನ ಬಿಟ್ಟು ಲಾಲಮ್ಮನೂ ಕಂಡಳು. "ಅತ್ತಿ, ಕೂಸಿನ ಹಣಿ ನೋಡ್ರಿ, ಹೆಂಗ ಬೆವರ್ತದ. ಪಕ್ಕಿ ನೋಡ್ರಿ. ಹಾಕಿಬಿಡ್ರಿ ಅತ್ತಿ."

"ಏನು?"

"ಬರಿ. ಊರ ಕೂಸಿಗೆಲ್ಲ ಹಾಕ್ತೀರಿ, ನಿಮ್ಮ ಮಮ್ಮಗಳಿಗೆ ಹಾಕಾಕ ಯಾಕ ತಡ ಮಾಡ್ತೀರಿ? ಇವರಿಗೆ ಹಾಕಿದ್ದಿಲ್ಲೇನು? ಮೂವತ್ತು ವರ್ಷ ಬದುಕ್ಯಾರ."

ಲಾಲಮ್ಮನಿಗೆ ಡಾಕ್ಟರು ಹೇಳಿದ್ದೆಲ್ಲ ಗೊತ್ತಿರಲಿಲ್ಲ. ಗಂಡನಿಗೆ ಎದೆಯಲ್ಲಿ ತೊಂದರೆ, ಗುಳಿಗೆ ನುಂಗಬೇಕು ಎಂದಷ್ಟೇ ಅಂಬ್ರಪ್ಪ ಹೇಳಿದ್ದ. ಬಾಣಂತಿಗೆ ಅದಕ್ಕಿಂತ ಹೆಚ್ಚು ಹೇಳುವುದು ಅವನಿಗೆ ಆಗಿರಲಿಲ್ಲ. ಅಯ್ಯಮ್ಮ ಸೊಸೆಯ ಮುಖ ನೋಡಿದಳು, ಕೂಸಿನ ಪಕ್ಕೆ ನೋಡಿದಳು. ಈಗ ಬಾಯಿ ಬಿಟ್ಟು ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಸೊಸೆ ಕೇಳುತ್ತಾಳೆ. ಮತ್ತೆ, ಡಾಕ್ಟರು ಹೇಳಿದ್ದೇ ಸರಿ ಎಂದು ಯಾಕೆ ನಂಬಬೇಕು? ತಾನು ಮೂರು ಹಾಕಿದ್ದಕ್ಕೆ ಮಗ ಮೂವತ್ತು ವರ್ಷ ಇದ್ದ, ಹೆಚ್ಚು ಹಾಕಿದ್ದರೆ ಅರವತ್ತು ಇರುತ್ತಿದ್ದನೇನೋ. ಮುಳುಗುವವರ ಮನಸ್ಸು ಏನನ್ನಾದರೂ ಹಿಡಿದುಕೊಳ್ಳುತ್ತದೆ. ಅವಳು ಡಬ್ಬಿ ತೆಗೆದಳು, ದೀಪ ಹಚ್ಚಿದಳು.

ಲಾಲಮ್ಮ ಕೂಸಿನ ಅಂಗಿ ಸರಿಸಿ ಗಟ್ಟಿಯಾಗಿ ಹಿಡಿದು ಕೂತಳು. ಚೂರು ಕೆಂಪಗಾಯಿತು. ಆಗ ಬಾಗಿಲಲ್ಲಿ ಅಂಬ್ರಪ್ಪ ಬಂದು ನಿಂತ. ಡಾಕ್ಟರು ಬೇಡವೆಂದರೂ ಜಗದೇವಪ್ಪನ ಗಿರಣಿಯ ಕಟ್ಟೆಯ ಮೇಲೆ ಹೋಗಿ ಕೂರುವುದನ್ನು ಅವನು ಬಿಟ್ಟಿರಲಿಲ್ಲ, ಮನೆಯಲ್ಲಿ ಕೂತರೆ ರೋಗಿ ಎನಿಸುತ್ತದೆ ಎನ್ನುತ್ತಿದ್ದ. ಮನೆಗೆ ತಿರುಗಿ ಬರುವಾಗ ತೆರೆದ ಬಾಗಿಲೊಳಗೆ ದೀಪ, ಇಕ್ಕಳ, ಕೂಸು ಎಲ್ಲ ಒಮ್ಮೆಗೇ ಕಂಡು ಅವನು ಕೈಲಾದಷ್ಟು ಬೇಗ ಬಂದಿದ್ದ. ಮಾತು ಬರುತ್ತಿರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ಬಾಯಿ ತೆರೆದು ಉಸಿರು ಎಳೆಯುತ್ತಿದ್ದ. ತುಟಿ ಕರ್ರಗಾಗಿತ್ತು.

ಮಾತಿನ ಬದಲು ಅವನು ಅಂಗಿಯ ಗುಂಡಿ ಬಿಚ್ಚಿದ. ಒಂದೊಂದಾಗಿ. ಬಿಚ್ಚಿ ತಾಯಿಯ ಮುಂದೆ ಬಂದು, ದೀಪದ ಎದುರು ಕುಕ್ಕರಗಾಲಿನಲ್ಲಿ ಕೂತ.

"ನೋಡವ್ವಾ" ಎಂದ ಕೊನೆಗೆ. "ಊರಿಗೆಲ್ಲ ತೋರಿಸಿದಿ. ಈಗ ನೀ ನೋಡು. ನೋಡಿ ಹಾಕು."

ಅಯ್ಯಮ್ಮ ನೋಡಿದಳು. ಬರೆಗಳ ಅಡಿಯಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು, ಪಕ್ಕೆಲುಬು ಎಣಿಸಬಹುದಾಗಿತ್ತು, ಮಗ ತನ್ನ ಕಣ್ಣೆದುರು ಸಾಯುತ್ತಿದ್ದ. ಇಷ್ಟು ವರ್ಷ ಆ ಎದೆಯನ್ನು ತೋರಿಸಿದ್ದಳು, ನೋಡಿರಲಿಲ್ಲ. ಇಕ್ಕಳ ಕೈಯಿಂದ ಜಾರಿ ಬಿತ್ತು.

"ಡಾಕ್ಟರ್ ಹೇಳಿದ್ರೋ ಅಂಬ್ರಾ" ಎಂದಳು, ಗೋಡೆಗೆ ತಲೆ ಆನಿಸಿ. "ಕೂಸಿಗೂ ಇರಬಹುದು, ತೋರಸ್ರಿ ಅಂತ. ಈಗಾದ್ರ ಮುಚ್ಚಬಹುದಂತ. ನಾ ನಿಮಗ ಹೇಳ್ಲಿಲ್ಲ. ಯಾಕ ಹೇಳ್ಲಿಲ್ಲೋ ನನಗ ಗೊತ್ತಿಲ್ಲ."

ಲಾಲಮ್ಮ ಕೂಸನ್ನು ಎದೆಗೆ ಎಳೆದುಕೊಂಡು ಅತ್ತೆಯನ್ನು ನೋಡಿದ ನೋಟ ಅಯ್ಯಮ್ಮನಿಗೆ ಸಾಯುವವರೆಗೂ ಮರೆಯುವಂಥದ್ದಲ್ಲ. ಅಂಬ್ರಪ್ಪ, ಬಿದ್ದಿದ್ದ ಚೂರು ಆರಿದ ಮೇಲೆ ಎತ್ತಿ ಡಬ್ಬಿಯಲ್ಲಿ ಹಾಕಿ, "ಲಾಡ್ಲ್ಯಾಗ ಹೇಳು, ಆಟೋ ತೆಗಿಯಾಕ" ಎಂದ.

ಗುಲ್ಬರ್ಗಾದ ಡಾಕ್ಟರು ಕೂಸನ್ನು ನೋಡಿ, ಅದೇ ತೂತು, ಆದರೆ ಪುಪ್ಪುಸ ಇನ್ನೂ ಕೆಟ್ಟಿಲ್ಲ, ಹೊತ್ತಿಗೆ ಸರಿಯಾಗಿ ತಂದಿದ್ದೀರಿ ಎಂದರು. ಬೆಂಗಳೂರಿನಲ್ಲಿ ಸರಕಾರದ ಖರ್ಚಿನಲ್ಲೇ ಆಪರೇಷನ್ ಆಗುವ ವ್ಯವಸ್ಥೆ ಮಾಡಿಕೊಟ್ಟರು. ಕೂಸು ಸ್ವಲ್ಪ ತೂಕ ಹಾಕಲಿ ಎಂದು ಔಷಧ ಬರೆದು ಕಳಿಸಿದರು. ಅಂಬ್ರಪ್ಪ ಅಲ್ಲಿಯೇ ಎಲ್ಲರ ಮುಂದೆ ಅತ್ತುಬಿಟ್ಟ. ತನ್ನ ಸಾವಿನ ಸುದ್ದಿಗೆ ಅಳದವನು ಮಗಳ ಬದುಕಿನ ಸುದ್ದಿಗೆ ಅತ್ತ.

ಬೆಂಗಳೂರಿನಿಂದ ಕರೆ ಬರುವ ಹೊತ್ತಿಗೆ ಮಳೆಗಾಲ ಹಿಡಿದು ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿ ಸುರುವಾಗಿತ್ತು. ಅಂಬ್ರಪ್ಪ ಆಗ ಹೊರಸಿನಿಂದ ಏಳುವ ಸ್ಥಿತಿಯಲ್ಲಿರಲಿಲ್ಲ. ಕೆಮ್ಮಿದರೆ ರಕ್ತ ಬರುತ್ತಿತ್ತು. ಕಾಲು ಊದಿದ್ದವು. ಬೆಂಗಳೂರಿಗೆ ಲಾಲಮ್ಮ ಕೂಸನ್ನು ಕರೆದುಕೊಂಡು ಹೋಗುವುದು, ಜೊತೆಗೆ ಲಾಡ್ಲೇಸಾಬ ಹೋಗುವುದು, ಅಯ್ಯಮ್ಮ ಮಗನ ಬಳಿ ಇರುವುದು ಎಂದಾಯಿತು. ಹೊರಡುವಾಗ ಲಾಲಮ್ಮ ಕೂಸನ್ನು ಗಂಡನ ಎದೆಯ ಮೇಲೆ ಮಲಗಿಸಿದಳು. ಅದು ಅವನ ಬರೆಯೊಂದನ್ನು ಬೆರಳಿನಿಂದ ಕೆರೆದು ನಕ್ಕಿತು. "ಹೋಗಿ ಬಾ ನನ್ನವ್ವಾ" ಎಂದ ಅಂಬ್ರಪ್ಪ. ಲಾಲಮ್ಮ ಹಿಂತಿರುಗಿ ನೋಡದೆ ಆಟೋ ಹತ್ತಿದಳು, ನೋಡಿದ್ದರೆ ಹೋಗಲಾಗುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮನೆಯಲ್ಲಿ ತಾಯಿ ಮಗ ಇಬ್ಬರೇ. ದೂರದ ಗದ್ದೆಯಿಂದ ನಾಟಿ ಹಚ್ಚುವ ಹೆಂಗಸರ ದನಿ ಬರುತ್ತಿತ್ತು. ಅಯ್ಯಮ್ಮ ಮೂಲೆಯಲ್ಲಿ ಕೂತಿದ್ದಳು. ದೀಪ ಹಚ್ಚಿದ ಆ ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಬಲಗೈಯನ್ನು ಕದ್ದ ಸಾಮಾನಿನ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡೇ ಕೂರುತ್ತಿದ್ದಳು. ಊರ ಕೂಸುಗಳನ್ನು ಮುಟ್ಟುವುದನ್ನೂ ಬಿಟ್ಟಿದ್ದಳು. ಅಂಬ್ರಪ್ಪ ಹೊರಸಿನ ಮೇಲಿಂದ ಅವಳನ್ನೇ ಬಹಳ ಹೊತ್ತು ನೋಡಿದ.

"ಅವ್ವಾ, ಡಬ್ಬಿ ತಾ."

"ಯಾತಕ್ಕೋ?"

"ಇನ್ನೊಂದು ಬರಿ ಹಾಕು ನನಗ."

"ಬ್ಯಾಡೋ ನನ್ನಪ್ಪಾ. ಇನ್ನ ಆ ಮಾತು ತೆಗಿಬ್ಯಾಡ."

"ಮೂರು ಹಾಕಿದಿ, ಮೂವತ್ತು ವರ್ಷ ಇದ್ದೆ. ಇನ್ನೊಂದು ಹಾಕು. ಕೂಸು ತಿರುಗಿ ಬರೂತನ ಇರ್ತೀನಿ." ಅಷ್ಟು ಮಾತಿಗೇ ಅವನು ನಡುವೆ ನಾಲ್ಕು ಸಲ ನಿಂತ. "ನಿನ್ನ ಕೈ ಗುಣ ಚಲೋ ಅದವ್ವಾ."

ಅಯ್ಯಮ್ಮನಿಗೆ ತಿಳಿಯಿತು. ಬರೆಯ ಮೇಲೆ ಅವನಿಗೆ ಒಂದು ಚೂರು ನಂಬಿಕೆಯೂ ಉಳಿದಿಲ್ಲ. ಹೋಗುವವನು ತಾಯಿಯ ಕೈಯನ್ನು ತಾಯಿಗೆ ತಿರುಗಿ ಕೊಟ್ಟು ಹೋಗಬೇಕೆಂದಿದ್ದಾನೆ. ಅವಳು ಎದ್ದು ಡಬ್ಬಿ ತಂದಳು. ಅವನಿಗೆ ಕಾಣಲೆಂದು ದೀಪ ಹಚ್ಚಿದಳು. ಬೆನ್ನು ತಿರುಗಿಸಿ ಕೂತು, ಚೂರನ್ನು ದೀಪಕ್ಕೆ ಹಿಡಿಯದೆ ತಂಬಿಗೆಯ ನೀರಿನಲ್ಲಿ ಅದ್ದಿದಳು. ಹೊರಸಿನ ಬಳಿ ಬಂದು, ಮೂರು ಬರೆಗಳ ಕೆಳಗೆ ಆ ತಣ್ಣನೆಯ ಚೂರನ್ನು ಮೆಲ್ಲಗೆ ಎಳೆದಳು. ಆಮೇಲೆ ಅರಿಶಿಣ ಹಚ್ಚಿದಳು.

"ಸುಟ್ಟಿತೇನೋ?"

"ಹ್ಞೂನವ್ವಾ" ಎಂದ ಅವನು ಕಣ್ಣು ಮುಚ್ಚಿಕೊಂಡು. "ಚುರ್ ಅಂತು. ಈಗ ಹಗುರಾತು."

ಇಬ್ಬರೂ ಸುಳ್ಳಾಡಿದರು, ಅದು ಇಬ್ಬರಿಗೂ ಗೊತ್ತಿತ್ತು. ಅಯ್ಯಮ್ಮ ಅವನ ಎದೆಯ ಮೇಲಿಂದ ಕೈ ತೆಗೆಯಲಿಲ್ಲ. ಆ ದಿನ ಅವನು ತುತ್ತು ಮಾಡಿ ಕೊಟ್ಟ ಅನ್ನವನ್ನು ಅವಳು ಉಂಡಳು.

ನಾಲ್ಕನೇ ದಿನ ಲಾಡ್ಲೇಸಾಬನ ಫೋನು ಬಂತು. ಖಾಜಾಬೀ ಮೊಬೈಲು ಹಿಡಿದುಕೊಂಡು ಓಡಿಬಂದು ಅಂಬ್ರಪ್ಪನ ಕಿವಿಗೆ ಹಿಡಿದಳು. ಆಪರೇಷನ್ ಆಗಿದೆ, ತೂತು ಮುಚ್ಚಿದ್ದಾರೆ, ಕೂಸಿಗೆ ಎಚ್ಚರವಾಗಿದೆ. ಆ ಕಡೆಯಿಂದ ಲಾಲಮ್ಮನ ದನಿ, "ಕೇಳ್ರಿ, ಅಳಾಕತ್ತಾಳ ನೋಡ್ರಿ ನಿಮ್ಮ ಮಗಳು." ಸಣ್ಣ ದನಿಯ ಅಳು ಮನೆಯಲ್ಲಿದ್ದ ಮೂವರಿಗೂ ಕೇಳಿಸಿತು.

"ಅಳ್ಳಿ ಬಿಡು" ಎಂದ ಅಂಬ್ರಪ್ಪ. "ರೋಗ ಹೊರಗ ಹೋಗಾಕತ್ತದ."

ಹೇಳಿ ತಾಯಿಯ ಕಡೆ ನೋಡಿ ನಕ್ಕ. ಅದಾಗಿ ಅವನು ಹೆಚ್ಚು ದಿನ ಇರಲಿಲ್ಲ. ಕೂಸನ್ನು ದವಾಖಾನೆಯಿಂದ ಬಿಡುತ್ತಾರೆ ಎಂದ ದಿನ ಬೆಳಿಗ್ಗೆ, ಅಯ್ಯಮ್ಮ ಚಹಾ ಕಾಯಿಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಲಾಲಮ್ಮ ರೈಲಿಳಿದು ಬರುವವರೆಗೆ ಹೆಣ ಇಟ್ಟುಕೊಂಡರು. ಮಣ್ಣು ಮಾಡಿ ಬಂದ ಮೇಲೆ ಓಣಿಯ ಹಿರಿಯ ಹೆಂಗಸರು ಲಾಲಮ್ಮನ ಬಳೆ ಒಡೆಯಲು ಕಲ್ಲು ತಂದರು. ಅಯ್ಯಮ್ಮ ಸೊಸೆಯ ಎರಡೂ ಕೈಗಳ ಮೇಲೆ ತನ್ನ ಕೈಗಳನ್ನು ಇಟ್ಟು ಕೂತಳು.

"ಮುಟ್ಟಬ್ಯಾಡ್ರಿ. ಈ ಮನ್ಯಾಗ ಬಳಿ ಚೂರು ಆಗಿದ್ದು ಸಾಕು."

ಯಾರು ಎಷ್ಟು ಹೇಳಿದರೂ ಕೈ ತೆಗೆಯಲಿಲ್ಲ. ಅತ್ತೆಯ ಜೊತೆ ಆ ದೀಪದ ದಿನದಿಂದ ಮಾತು ಬಿಟ್ಟಿದ್ದ ಲಾಲಮ್ಮ ಅವಳ ಭುಜಕ್ಕೆ ಒರಗಿ ಅತ್ತಳು.

ಮುಂದಿನ ಬೇಸಿಗೆಯ ಹೊತ್ತಿಗೆ ಕೂಸು ಹೊಸ್ತಿಲು ಹಿಡಿದು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಲಾಲಮ್ಮ ಕೆಲಸಕ್ಕೆ ಹೋಗಿದ್ದಳು. ಅಯ್ಯಮ್ಮ ಕಟ್ಟೆಯ ಬಳಿ ಕಾಲು ಚಾಚಿ ಮೊಮ್ಮಗಳಿಗೆ ಎರೆಯುತ್ತಿದ್ದಾಗ ಬೇರೆ ಊರಿನ ಹುಡುಗಿಯೊಬ್ಬಳು ಕೂಸು ಕಟ್ಟಿಕೊಂಡು ಬಂದಳು. ಅಯ್ಯಮ್ಮನ ಹೆಸರು ಅವಳ ಊರಿಗೆ ಹೋಗಿತ್ತು, ಅಯ್ಯಮ್ಮ ಬರೆ ಹಾಕುವುದನ್ನು ಬಿಟ್ಟ ಸುದ್ದಿ ಹೋಗಿರಲಿಲ್ಲ.

"ಉಸುರು ಜೋರದಬೇ. ನಮ್ಮತ್ತಿ ಹಾಕಿಸ್ಕೊಂಡು ಬಾ ಅಂದ್ಳು. ನನಗ ಹೆದರಿಕಿ ಆಗ್ತದ."

ಹೆದರಿಕೆ ಎಂಬ ಮಾತು ಕೇಳಿದ್ದೇ ತಡ, ಅಯ್ಯಮ್ಮನ ಮುಖ ತಾನಾಗಿಯೇ ಓಣಿಯ ಕೊನೆಗೆ ತಿರುಗಿತು.

"ಏ ಅಂಬ್ರಾ! ಬಾರೋ..."

ಗಿರಣಿ ತಿರುಗುತ್ತಿತ್ತು. ಬೇರೆ ಯಾರೋ ಹಿಟ್ಟು ಮೆತ್ತಿಕೊಂಡವನು ತಲೆ ಹೊರಗೆ ಹಾಕಿ ನೋಡಿ ಒಳಗೆ ಹೋದ. ಅಯ್ಯಮ್ಮನ ಬಾಯಿ ತೆರೆದದ್ದು ಹಾಗೆಯೇ ಇತ್ತು. ಕಣ್ಣೀರು ಕೆನ್ನೆ ದಾಟಿ ಕೂಸಿನ ಎರೆನೀರಿಗೆ ಬಿತ್ತು. ಹುಡುಗಿ ಏನೂ ತಿಳಿಯದೆ, ಮಾತು ಬದಲಿಸಲೆಂದು ಅಜ್ಜಿಯ ಕಾಲ ಮೇಲಿದ್ದ ಕೂಸನ್ನು ನೋಡಿದಳು. ಅದರ ಎದೆಯ ನಡುವೆ ಕತ್ತಿನ ಬುಡದಿಂದ ಕೆಳಗಿನವರೆಗೆ ನೆಟ್ಟಗೆ ಒಂದು ಗೆರೆ.

"ಯವ್ವಾ, ಎಷ್ಟು ಉದ್ದ ಅದ ಈ ಬರಿ! ನೀನ ಹಾಕಿದೇನಬೇ?"

ಅಯ್ಯಮ್ಮ ಆ ಗೆರೆಯ ಮೇಲೆ ಅಂಗೈ ಇಟ್ಟಳು. ಒಳಗೆ ಬೆಕ್ಕಿರಲಿಲ್ಲ. ಎದೆ ನೆಮ್ಮದಿಯಾಗಿ ಬಡಿಯುತ್ತಿತ್ತು.

"ಇಲ್ಲವ್ವಾ" ಎಂದಳು. "ಇದು ಅವರಪ್ಪ ಹಾಕ್ಯಾನ."

ಕೂಸಿನ ಮೈ ಒರೆಸಿ, ಅಂಗಿ ಹಾಕಿ, ಕೈ ತೊಳೆದುಕೊಂಡು, ಅದನ್ನು ಕಂಕುಳಿಗೆ ಎತ್ತಿಕೊಂಡು, ಆ ಹುಡುಗಿಯನ್ನು ಕರೆದುಕೊಂಡು ಲಾಡ್ಲೇಸಾಬನ ಆಟೋದ ಕಡೆ ನಡೆದಳು.